ಆಕಾಶಕ್ಕೆ ಹಾಸಿದ ಕಂಬಳಿ

ಬೆಂಗಳೂರು ಕ್ಯಾಂಪು,
ತಾ. 4-6-1944

ಸೌಭಾಗ್ಯವತಿ ಹುಲಿಗೆಮ್ಮಳಿಗೆ ರೇವಣ್ಣ ಮಾಡುವ ಆಶೀರ್ವಾದಗಳು.

ನಾನು ಗಟ್ಟಿಮುಟ್ಟಾಗಿದ್ದೇನೆ. ನೀನೂ ಹಾಗೇ ಇರಬೇಕು, ಇಲ್ಲದಿದ್ದರೆ ನನ್ನೊಡನೆ ಜಗಳ ಕಾಯುವವರು ಯಾರು? ನ್ಯಾಮತಿಯ ಮನೆಗೆ ಬರೆದ ಮೂರು ಕಾಗದಕ್ಕೂ ನಿನ್ನಿಂದ ಉತ್ತರವಿಲ್ಲ. ಕಡೆಗೆ ಅಣ್ಣ ಮೂಕಪ್ಪ ಯಾರ ಕೈಲೋ ಬರೆಸಿದ: "ನಿನ್ನ ಹೆಂಡ್ತಿ ಯುಗಾದಿಗೆ ಅಂತ ತವರಿಗೆ ಹೋದೋಳು ಜಗಳೂರಲ್ಲೇ ಕುಂತಾಳೆ. ಕರಿಯಾಕೆ ಯಾರು ಹೋದ್ರೂ ಬರಲ್ಲ ಅಂತಾಳೆ."

ಎರಡು ವರ್ಷದ ಹಿಂದೆ ಹೊನ್ನಾಳಿ ಸಂತೆಗೆ ಹೋಗಿಬರುತ್ತೇನೆ ಎಂದು ನಿನಗೆ ಹೇಳಿ, ಶಿವಮೊಗ್ಗಕ್ಕೆ ಹೋಗಿ ಮಿಲಿಟರಿಗೆ ಹೆಸರು ಕೊಟ್ಟದ್ದು ನಿಜ. ಹೇಳಿದ್ದರೆ ನೀನು ಬಿಡುತ್ತಿದ್ದೆಯಾ? ಅಣ್ಣ ಬೆಳಗಾದರೆ "ಕುರಿ ಕಾಯೋದು ಬಿಟ್ರೆ ನಿನಗೇನು ಬರ್ತೈತೋ" ಅನ್ನುತ್ತಿದ್ದ. ಈಗ ಬಂದು ನೋಡಲಿ. ವಿಮಾನದ ಎಂಜಿನ್ನನ್ನು ಬಿಚ್ಚಿ ಚಾಪೆಯ ತುಂಬ ಹರಡಿ, ಒಂದು ತಿರುಪೂ ಮಿಗದ ಹಾಗೆ ಮತ್ತೆ ಜೋಡಿಸುತ್ತೇನೆ. ಇಲ್ಲಿ ನನ್ನನ್ನು ಫಿಟ್ಟರ್ ರೇವಣ್ಣ ಅನ್ನುತ್ತಾರೆ.

ನಮ್ಮ ವಿಮಾನ ಇಲ್ಲಿಂದ ............ಗೆ ಹೋಗಲು ಬರೀ ............ ಸಾಕು, ಗೊತ್ತೇ? ನ್ಯಾಮತಿಗೆ ಹೋಗಿ ಮನೆ ನೋಡಿಕೊ. ಅತ್ತಿಗೆಗೆ ಆಳು ಸಾಲದು.

ರೇವಣ್ಣ


ಜಗಳೂರು,
ತಾ. 29-6-1944

ಮನೆಯವರ ಪಾದಗಳಿಗೆ ಹುಲಿಗೆಮ್ಮನ ನಮಸ್ಕಾರಗಳು.

ನಿಮ್ಮ ಕಾಗದಕ್ಕೆ ಮಿಲಿಟರಿಯವರು ಎರಡು ಕಿಟಕಿ ಕೊರೆದು ಕಳಿಸಿದ್ದಾರೆ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಹೋಗುತ್ತೀರಿ ಎರಡೂ ಹಾರಿಹೋಗಿವೆ. ಪರವಾಗಿಲ್ಲ ಬಿಡಿ. ಎಲ್ಲಿಗೆ ಹೋಗುತ್ತೀರಿ ಎಂದು ನನಗೆ ಸರಿಯಾಗಿ ಹೇಳಿ ಹೋಗುವ ರೂಢಿ ನಿಮಗೂ ಇಲ್ಲವಲ್ಲ.

ನ್ಯಾಮತಿಯ ಕಾಗದಗಳಿಗೆ ಉತ್ತರ ಬರೆಯದೆ ಇದ್ದದ್ದು ಕೋಪದಿಂದಲೇ. ಈಗ ಬರೆಯುತ್ತಿರುವುದೂ ಕೋಪದಿಂದಲೇ, ಸ್ವಲ್ಪ ಆರಿದೆ. ಲಕೋಟೆಯ ಮೇಲಿನ ಕೈಬರಹ ಯಾರದು ಎಂದು ತಲೆ ಕೆಡಿಸಿಕೊಳ್ಳಬೇಡಿ, ಅದು ಪೋಸ್ಟ್ ಮಾಸ್ತರ್ ಕೊಟ್ರಬಸಪ್ಪನವರದು. ಗಂಡನ ಹೆಸರನ್ನು ಬಾಯಲ್ಲಿ ಆಡಬಾರದು ಎಂದು ಅವ್ವ ಕಲಿಸಿದ್ದಾಳೆ. ಬಾಯಲ್ಲಿ ಆಡಬಾರದ್ದನ್ನು ಕೈಯಲ್ಲಿ ಬರೆಯಬಹುದೋ ಏನೋ ನನಗೆ ತಿಳಿಯದು, ಅದಕ್ಕೇ ಬರೆಯುವುದಿಲ್ಲ. "ಯಾರಿಗಮ್ಮಾ?" ಎಂದು ಅವರು ಕೇಳುತ್ತಾರೆ, ನಾನು ನಿಮ್ಮ ಕಾಗದದ ಕೆಳತುದಿ ತೋರಿಸುತ್ತೇನೆ.

ಇಲ್ಲಿ ನಾನು ಸುಮ್ಮನೆ ಕೂತು ಉಣ್ಣುತ್ತಿಲ್ಲ. ಸರ್ಕಾರದವರು ಮಿಲಿಟರಿಗೆ ಕಂಬಳಿ ಬೇಕೆಂದು ಕೇಳಿದ್ದಾರೆ, ಊರಿನ ಮಗ್ಗಗಳಿಗೆ ಬಿಡುವಿಲ್ಲ. ನಾನು ನೂಲುತ್ತೇನೆ, ಅಪ್ಪ ನೇಯುತ್ತಾನೆ. ನೀವು ಅಲ್ಲಿ ಹೊದ್ದುಕೊಂಡ ಕಂಬಳಿಯಲ್ಲಿ ನನ್ನ ನೂಲೂ ಇರಬಹುದು. ಚುಚ್ಚಿದರೆ ನನ್ನದೇ ಎಂದು ತಿಳಿಯಿರಿ.

ನ್ಯಾಮತಿಗೆ ಹೋಗು ಅಂದಿರಿ. ಹೊನ್ನಾಳಿ ಸಂತೆಗೆ ಹೋದವರು ಬಂದು ಕರೆದರೆ ಹೋಗುತ್ತೇನೆ. ಬೇರೆ ಯಾರು ಕರೆದರೂ ಬರುವವಳಲ್ಲ.

ಹುಲಿಗೆಮ್ಮ


ಬೆಂಗಳೂರು ಕ್ಯಾಂಪು,
ತಾ. 20-11-1945

ಸೌಭಾಗ್ಯವತಿ ಹುಲಿಗೆಮ್ಮಳಿಗೆ ಆಶೀರ್ವಾದಗಳು.

ವರ್ಷದ ಮೇಲಾಯಿತು ಬರೆದು. ನನ್ನನ್ನು ಅಸ್ಸಾಮಿನ ಕಡೆ ಕಳಿಸಿದ್ದರು, ಅಲ್ಲಿ ಕೆಸರು ಬಿಟ್ಟರೆ ಬರೆಯುವಂಥದ್ದೇನೂ ಇರಲಿಲ್ಲ. ಯುದ್ಧ ಮುಗಿಯಿತು. ಇನ್ನು ಕಾಗದಕ್ಕೆ ಕತ್ತರಿ ಹಾಕುವವರಿಲ್ಲ. ಅಂದು ಕತ್ತರಿಸಿದ್ದನ್ನು ಇಂದು ಹೊಲಿದು ಕೊಡುತ್ತೇನೆ, ಕೇಳು.

ಬೆಂಗಳೂರಿನಿಂದ ಮುಂಬಯಿಗೆ ರೈಲಿನಲ್ಲಿ ಹೋದರೆ ಎರಡು ದಿನ ಮೈಕೈ ನೋಯಿಸಿಕೊಳ್ಳಬೇಕು. ಆಕಾಶದಲ್ಲಿ ನೆಟ್ಟಗೆ ಐನೂರ ಇಪ್ಪತ್ತು ಮೈಲಿ ಚಿಲ್ಲರೆ. ನಮ್ಮ ಡಕೋಟಾ ವಿಮಾನ ಮೂರೂವರೆ ತಾಸಿನಲ್ಲಿ ಇಳಿಸಿಬಿಡುತ್ತದೆ. ಬೆಳಿಗ್ಗೆ ಇಲ್ಲಿ ಮುದ್ದೆ ಉಂಡು ಮಧ್ಯಾಹ್ನ ಅಲ್ಲಿ ಚಪಾತಿ ತಿನ್ನಬಹುದು. ಈಗ ನನ್ನನ್ನೂ ಎಂಜಿನ್ ನೋಡಿಕೊಳ್ಳಲು ಮೇಲೆ ಕರೆದೊಯ್ಯುತ್ತಾರೆ.

ಅಸಲು ಸುದ್ದಿ ಇನ್ನೂ ಇದೆ. ಆಫೀಸಿನ ಗೋಡೆಯ ಮೇಲೆ ದೊಡ್ಡ ನಕ್ಷೆ ತೂಗುಹಾಕಿದ್ದಾರೆ. ನಿನ್ನೆ ಯಾರೂ ಇಲ್ಲದಾಗ ಬೆಂಗಳೂರಿಗೊಂದು ಗುಂಡುಸೂಜಿ, ಮುಂಬಯಿಗೊಂದು ಗುಂಡುಸೂಜಿ ಚುಚ್ಚಿ ನಡುವೆ ದಾರ ಬಿಗಿದು ನೋಡಿದೆ. ಚನ್ನಗಿರಿ ಎಡಕ್ಕೆ ಬಿತ್ತು. ಹೊನ್ನಾಳಿ, ನ್ಯಾಮತಿ ಇನ್ನೂ ಎಡಕ್ಕೆ. ಜಗಳೂರಿನ ಹೆಸರು ನಕ್ಷೆಯಲ್ಲಿರಲಿಲ್ಲ, ಚಿತ್ರದುರ್ಗದ ಮೇಲ್ಗಡೆ ನಾನೇ ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟೆ. ಅಯ್ಯೋ ಹುಲಿಗೆಮ್ಮ, ದಾರ ಆ ಚುಕ್ಕೆಯ ನೆತ್ತಿಯ ಮೇಲೇ ಹಾದುಹೋಗಿದೆ! ಅಂದರೆ ನಾನು ಮುಂಬಯಿಗೆ ಹೋದಾಗಲೆಲ್ಲ ನಿನ್ನ ತಲೆಯ ಮೇಲೆಯೇ ಹೋಗುತ್ತೇನೆ. ಇಲ್ಲಿಂದ ನಿನಗೆ ನೂರ ಮೂವತ್ತು ಮೈಲಿ, ಒಂದು ತಾಸೂ ಇಲ್ಲ. ಗಂಡ ದೂರ ಇದ್ದಾನೆ ಎಂದು ಇನ್ನು ಮೇಲೆ ಅಳಬೇಡ.

ರೇವಣ್ಣ


ಜಗಳೂರು,
ತಾ. 9-12-1945

ಮನೆಯವರ ಪಾದಗಳಿಗೆ ನಮಸ್ಕಾರಗಳು.

ಅಳುತ್ತಿದ್ದೇನೆ ಎಂದು ನಿಮಗೆ ಯಾರು ಹೇಳಿದರು? ನೀವು ಜೀವದಿಂದಿದ್ದೀರಿ ಎಂದು ತಿಳಿದ ದಿನ ಒಂದಿಷ್ಟು ಅತ್ತೆ, ಅಷ್ಟೇ. ವರ್ಷಗಟ್ಟಲೆ ಸುದ್ದಿ ಇಲ್ಲದಿದ್ದರೆ ಮನುಷ್ಯರಿಗೆ ಏನಾಗುತ್ತದೆ ಎಂದು ಒಮ್ಮೆ ಯೋಚಿಸಿ.

ನಿಮ್ಮ ದಾರದ ಸಂಗತಿಯನ್ನು ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಮಗ್ಗ ನಿಲ್ಲಿಸಿ ಅಂದ: "ಬೆಂಗಳೂರು ಅಂದ್ರೆ ಹದಿನೈದು ಹೊಲದಾಗೆ ಕುರಿ ತರುಬಿ, ಹದಿನೈದು ರಾತ್ರಿ ಮಲಗಿ ಎದ್ದು ಹೋಗಬೇಕು ಕಣವ್ವ. ಅದನ್ನ ಒಂದು ತಾಸಿಗೆ ಬರ್ತೀನಿ ಅನ್ನೋನು ಒಂದೋ ದೇವ್ರು, ಇಲ್ಲಾ ನಮ್ಮ ಅಳಿಯ."

ನನ್ನ ಲೆಕ್ಕ ಬೇರೆ. ನ್ಯಾಮತಿಯಿಂದ ಹೊನ್ನಾಳಿ ಹತ್ತು ಮೈಲಿ. ದೀಪ ಹಚ್ಚುವ ಹೊತ್ತಿಗೆ ಬರುತ್ತೇನೆ ಎಂದು ಹೋದವರಿಗೆ ಆ ಹತ್ತು ಮೈಲಿ ತಿರುಗಿ ಬರಲು ಮೂರು ವರ್ಷ ಸಾಲಲಿಲ್ಲ. ಇನ್ನು ನೂರ ಮೂವತ್ತು ಮೈಲಿಗೆ ಒಂದು ತಾಸು ಅಂದರೆ ಹೇಗೆ ನಂಬಲಿ ಹೇಳಿ. ತಲೆಯ ಮೇಲೆ ಹದ್ದೂ ಹೋಗುತ್ತದೆ, ಅದನ್ನು ಮನೆಗೆ ಬಂದ ನೆಂಟ ಅನ್ನುತ್ತೇವೆಯೇ?

ಇನ್ನೊಂದು ಮಾತು. ಚನ್ನಗಿರಿ ಸೀಮೆಯ ತ್ಯಾವಣಿಗೆಯಿಂದ ಚೌಡಮ್ಮ ಅನ್ನುವವರು ಬಂದಿದ್ದರು. ಅವರ ಮಗನಿಗೆ ಹೆಂಡತಿ ತೀರಿಕೊಂಡು ವರ್ಷವಾಯಿತಂತೆ. "ಗಂಡ ಬಿಟ್ಟುಹೋದ ಹೆಣ್ಣು, ಕೂಡಿಕೆ ಮಾಡಿ ನಮಗೆ ಕೊಡ್ರಿ" ಎಂದು ಅಪ್ಪನನ್ನು ಕೇಳಿದರು. ನಾನು ಒಳಗಿನಿಂದಲೇ "ಬಿಟ್ಟುಹೋಗಿಲ್ಲ, ಸಂತೆಗೆ ಹೋಗ್ಯಾರೆ" ಅಂದೆ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಒಮ್ಮೆ ರಜೆ ಹಾಕಿ ಬನ್ನಿ. ರೈಲಿನಲ್ಲೇ ಬನ್ನಿ, ನಿಧಾನವಾದರೂ ಅದು ನಿಲ್ಲುತ್ತದೆ.

ಹುಲಿಗೆಮ್ಮ


ಬೆಂಗಳೂರು ಕ್ಯಾಂಪು,
ತಾ. 28-1-1946

ಸೌಭಾಗ್ಯವತಿ ಹುಲಿಗೆಮ್ಮಳಿಗೆ ಆಶೀರ್ವಾದಗಳು.

ರಜೆ ಸಿಗುವುದಿಲ್ಲ. ಕೆಲಸ ಬಹಳ. ಜನರನ್ನು ಮನೆಗೆ ಕಳಿಸುತ್ತಿದ್ದಾರೆ, ಉಳಿದವರ ಮೇಲೆ ಹೊರೆ. ಸಾಹೇಬರು ತಲೆ ಅಲ್ಲಾಡಿಸಿಬಿಟ್ಟರು.

ತ್ಯಾವಣಿಗೆಯವರಿಗೆ ಹೇಳು, ನನ್ನ ಹೆಂಡತಿ ಮಿಲಿಟರಿಯವನ ಹೆಂಡತಿ. ಅವರ ಮಗನಿಗೆ ಎರಡು ಎತ್ತು ಇರಬಹುದು, ನನ್ನ ಕೈಕೆಳಗೆ ಎರಡು ಎಂಜಿನ್ ಇವೆ. ನಾನು ಬಂದೇ ಬರುತ್ತೇನೆ. ಯಾವಾಗ ಎಂದು ಕೇಳಬೇಡ.

ರೇವಣ್ಣ


ಜಗಳೂರು,
ತಾ. 12-2-1946

ಮನೆಯವರ ಪಾದಗಳಿಗೆ ನಮಸ್ಕಾರಗಳು.

ಯಾವಾಗ ಎಂದು ನಾನು ಕೇಳುವುದಿಲ್ಲ. ದೈವದವರು, ನಮ್ಮ ಕುಲದ ಹಿರಿಯರು, ಕೇಳುತ್ತಿದ್ದಾರೆ.

ಹೋಳಿ ಹುಣ್ಣಿಮೆಯ ಹಿಂದಿನ ಸೋಮವಾರ, ಮಾರ್ಚ್ ಹನ್ನೊಂದಕ್ಕೆ, ನಮ್ಮ ಹಟ್ಟಿಯವರು ಕಂಬಳಿ ಹಾಸುತ್ತಾರೆ. ನಿಮಗೆ ಕಟ್ಟಳೆ ಗೊತ್ತು. ಬೆಳಿಗ್ಗೆ ಕರಿಕಂಬಳಿ ಹಾಸಿ ಹಿರಿಯರು ಸುತ್ತ ಕೂರುತ್ತಾರೆ. ಹೊತ್ತು ನೆತ್ತಿಗೆ ಬರುವುದರೊಳಗೆ ಗಂಡನಾದವನು ಬಂದು ಆ ಕಂಬಳಿಯ ಮೇಲೆ ಕೂತು "ನನ್ನ ಹೆಂಡ್ತೀನ ಕರಕೊಂಡು ಹೋಗ್ತೀನಿ" ಅನ್ನಬೇಕು. ಬಾರದಿದ್ದರೆ ಕಂಬಳಿ ಮಡಿಸುತ್ತಾರೆ. ಮಡಿಸಿದ ಮೇಲೆ ನಾನು ನಿಮ್ಮವಳಲ್ಲ, ನೀವು ನನ್ನವರಲ್ಲ. ಅಪ್ಪ ನನ್ನನ್ನು ತ್ಯಾವಣಿಗೆಗೆ ಕೊಟ್ಟರೂ ಯಾರೂ ಬೇಡ ಅನ್ನುವಂತಿಲ್ಲ.

ಈ ಮಾತನ್ನು ಬಣ್ಣ ಕಟ್ಟಿ ಬರೆಯಲು ನನಗೆ ಬಾರದು. ಬನ್ನಿ.

ಹುಲಿಗೆಮ್ಮ


ಬೆಂಗಳೂರು ಕ್ಯಾಂಪು,
ತಾ. 20-2-1946

ಹುಲಿಗೆಮ್ಮ,

ನಿನ್ನ ಅಪ್ಪ ಗೋಣೆಪ್ಪ ಮಾವನವರಿಗೆ ಮೊದಲಿನಿಂದಲೂ ನನ್ನನ್ನು ಕಂಡರೆ ಆಗದು. ತ್ಯಾವಣಿಗೆಯ ಎತ್ತು ನೋಡಿ ಬಾಯಲ್ಲಿ ನೀರು ಬಂದಿದೆ, ಅದಕ್ಕೇ ಈ ಕಂಬಳಿ ಹಾಸುವ ನಾಟಕ. ಇರಲಿ. ಅವರು ಚಾಪೆ ಕೆಳಗೆ ನುಸುಳಿದರೆ ನಾನು ರಂಗೋಲಿ ಕೆಳಗೆ ನುಸುಳುತ್ತೇನೆ.

ಸರಿಯಾಗಿ ಕೇಳಿಸಿಕೊ. ಮಾರ್ಚ್ ಹನ್ನೊಂದರ ಸೋಮವಾರ ನಮ್ಮ ವಿಮಾನ ಮುಂಬಯಿಗೆ ಹೋಗುತ್ತದೆ, ಅದರಲ್ಲಿ ನಾನಿದ್ದೇನೆ! ನಡೆಸುವವರು ಕೊಡಗಿನ ಸಾಹೇಬರು. ಅವರಿಗೆ ಎಲ್ಲಾ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೆಂಡತಿಗಾಗಿ ಅಂದರೆ ತಗ್ಗಿಸಿ ಹಾರಿಸೋಣ" ಅಂದರು. ಬೆಳಿಗ್ಗೆ ಏಳಕ್ಕೆ ಇಲ್ಲಿಂದ ಏಳುತ್ತೇವೆ, ಎಂಟರ ಸುಮಾರಿಗೆ ನಿಮ್ಮ ಕೆರೆಯ ಮೇಲಿರುತ್ತೇವೆ. ಹೊತ್ತು ನೆತ್ತಿಗೆ ಬರಲು ಇನ್ನೂ ಎಷ್ಟು ಸಮಯವಿರುತ್ತದೆ ನೋಡು.

ಚಪ್ಪರ ಹಾಕಬೇಡಿ, ಮರದ ನೆರಳೂ ಬೇಡ. ಕಂಬಳಿಯನ್ನು ಬಯಲಲ್ಲಿ ಹಾಸಬೇಕು. ನಾನು ಅದರ ಮೇಲೆಯೇ ಹಾದುಹೋಗುತ್ತೇನೆ. ಎಲೆ, ಅಡಿಕೆ, ಅರಿಶಿನದ ಕೊಂಬು, ಒಂದು ಖಣ ಗಂಟು ಕಟ್ಟಿ, ಹಳೆಯ ಪ್ಯಾರಾಚೂಟಿನ ಚೂರಿಂದ ಅದಕ್ಕೊಂದು ಛತ್ರಿ ಹೊಲಿದು ಕೆಳಗೆ ಬಿಡುತ್ತೇನೆ. ಕಂಬಳಿಯ ಮೇಲೆ ಬಂದ ಗಂಡ ಬಾರದ ಗಂಡ ಹೇಗಾಗುತ್ತಾನೆ? ಯಾವ ಹಿರಿಯರು ಏನೆಂದು ತೀರ್ಪು ಕೊಡುತ್ತಾರೋ ನಾನೂ ನೋಡುತ್ತೇನೆ.

ರೇವಣ್ಣ


ಜಗಳೂರು,
ತಾ. 1-3-1946

ಮನೆಯವರ ಪಾದಗಳಿಗೆ ನಮಸ್ಕಾರಗಳು.

ಕೆರೆ ಏರಿಯ ಹಿಂದೆ ಅಪ್ಪನ ಕಣವಿದೆ, ಕಂಬಳಿಯನ್ನು ಅಲ್ಲಿ ಹಾಸಿಸುತ್ತೇನೆ. ಬರೀ ಕರಿಕಂಬಳಿ ಮೇಲಿನಿಂದ ಕಾಣಲಿಕ್ಕಿಲ್ಲ, ಸುತ್ತ ಬಿಳಿ ಉಣ್ಣೆ ಹರಡಿಸುತ್ತೇನೆ. ಹಿರಿಯರು ಒಪ್ಪಿದ್ದಾರೆ. ಅವರಿಗೂ ವಿಮಾನ ನೋಡುವ ಆಸೆ ಇದೆ, ಬಾಯಿ ಬಿಟ್ಟು ಹೇಳುತ್ತಿಲ್ಲ.

ಅಪ್ಪನ ಮೇಲೆ ಕೋಪ ಬೇಡ. ಏಕೆಂಬುದನ್ನು ಮುಖ ನೋಡಿ ಹೇಳಬೇಕು, ಕಾಗದದಲ್ಲಿ ಬೇಡ.

ವಿಮಾನ ಇಳಿಯಲು ಜಾಗ ಇದೆಯೇ ಎಂದು ನೀವು ಕೇಳಲೇ ಇಲ್ಲ. ಬೇಸಿಗೆ ಬಂದಿದೆ, ಕೆರೆಯ ಒಂದು ಮಗ್ಗುಲು ಒಣಗಿ ಚಪ್ಪಟೆಯಾಗಿದೆ. ಸುಮ್ಮನೆ ಹೇಳಿದೆ.

ಹುಲಿಗೆಮ್ಮ


ಮುಂಬಯಿ,
ತಾ. 11-3-1946

ನನ್ನ ಹುಲಿಗೆಮ್ಮ,

ಬಂದೆನೋ ಇಲ್ಲವೋ ಹೇಳು! ವಿಮಾನದ ರೆಕ್ಕೆಯ ಕೆಳಗೆ ಕೂತು ಮೊಣಕಾಲ ಮೇಲೆ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬಯ್ಯಬೇಡ.

ಚಿತ್ರದುರ್ಗದ ಕಲ್ಲುಬೆಟ್ಟ ದಾಟಿದೊಡನೆ ನಾನು ಬಾಗಿಲಿಗೆ ಬಂದು ಕೂತೆ. ಹಗ್ಗದಲ್ಲಿ ಸೊಂಟ ಕಟ್ಟಿಕೊಂಡಿದ್ದೆ. ಕೆರೆ ಕಂಡಿತು. ಆಮೇಲೆ ಬಿಳಿ ಉಂಗುರ, ನಡುವೆ ಕರಿ ಚುಕ್ಕೆ, ಹಾಲಿನ ಬಟ್ಟಲಿಗೆ ಬಿದ್ದ ನೊಣದಷ್ಟು. "ಸಾಹೇಬ್ರೆ, ಅದೇ, ಅದೇ!" ಎಂದು ಕೂಗಿದೆ. ಸಾಹೇಬರು ಎಷ್ಟು ತಗ್ಗಿಸಿದರೆಂದರೆ ಕುರಿಗಳು ಚದುರಿ ಓಡುವುದು ಕಂಡಿತು. ಕಣದ ನಡುವೆ ಕೆಂಪು ಸೀರೆ ಉಟ್ಟು ಎರಡೂ ಕೈ ಬೀಸುತ್ತಿದ್ದವಳು ನೀನೇ ಅಲ್ಲವೇ? ಎಷ್ಟು ಕುಣಿದೆ ನೀನು! ನಾಲ್ಕು ವರ್ಷದ ಕೋಪ ಅಷ್ಟಕ್ಕೇ ಹೋಯಿತೇ ಎಂದು ನನಗೆ ಕಣ್ಣಲ್ಲಿ ನೀರು ಬಂತು. ಗಂಟು ಬಿಟ್ಟೆ. ಛತ್ರಿ ಬಿಚ್ಚಿತು. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಜಗಳೂರು ಹಿಂದೆ ಸರಿಯಿತು.

ಕಂಬಳಿಯ ಮೇಲೆ ಬಂದಿದ್ದೆ. ಊರವರೆಲ್ಲ ನೋಡಿದ್ದಾರೆ. ಇನ್ನು ನಿಮ್ಮಪ್ಪ ಏನನ್ನುತ್ತಾರೆ, ಬರೆ. ಎರಡು ದಿನದಲ್ಲಿ ಬೆಂಗಳೂರಿಗೆ ಮರಳುತ್ತೇನೆ.

ರೇವಣ್ಣ


ಜಗಳೂರು,
ತಾ. 14-3-1946

ಮನೆಯವರಿಗೆ ನಮಸ್ಕಾರಗಳು.

ನೀವು ಮುಂಬಯಿಯಿಂದ ಬರೆದಿರುತ್ತೀರಿ, ಅದು ದಾರಿಯಲ್ಲಿರುತ್ತದೆ. ನಾನು ಕಾಯಲಿಲ್ಲ. ಸೋಮವಾರ ನೀವು ಹೋದ ಮೇಲೆ ಏನಾಯಿತೆಂದು ನಿಮಗೆ ತಿಳಿಯಬೇಕು.

ಊರಿಗೆ ಊರೇ ಕಣಕ್ಕೆ ಬಂದಿತ್ತು. ಮೊದಲು ಸದ್ದು ಬಂತು, ಆಮೇಲೆ ನೀವು ಬಂದಿರಿ. ಮಕ್ಕಳು ಕಿರುಚಿದರು. ಮೈದುನನ ಮದುವೆಗೆ ತೆಗೆದ ಕೆಂಪು ಸೀರೆ ಉಟ್ಟುಬಂದಿದ್ದ ಪಕ್ಕದ ಮನೆ ದುರುಗಕ್ಕ ಕಣದ ತುಂಬ ಕುಣಿದಾಡಿಬಿಟ್ಟಳು. ನಾನು ಹುಣಸೆಮರದ ಕೆಳಗೆ ನಿಂತಿದ್ದೆ. ಕೈ ಬೀಸಲಿಲ್ಲ. ಬಾಗಿಲಲ್ಲಿ ಒಬ್ಬರು ಕೂತಿದ್ದು ಕಂಡಿತು, ಮುಖ ಕಾಣಲಿಲ್ಲ. ನಾಲ್ಕು ವರ್ಷ ಕಾದದ್ದು ಆ ಮುಖಕ್ಕೆ.

ನಿಮ್ಮ ಗಂಟು ಗಾಳಿಗೆ ಸಿಕ್ಕಿ ಕುರಿಹಟ್ಟಿಯೊಳಗೆ ಬಿತ್ತು. ನಾವು ಓಡಿಹೋಗುವಷ್ಟರಲ್ಲಿ ಎಲೆಯನ್ನು ಹೋತ ತಿಂದಿತ್ತು. ಅರಿಶಿನ, ಖಣ ನನ್ನ ಹತ್ತಿರ ಇವೆ. ಛತ್ರಿಯ ಬಟ್ಟೆಯನ್ನು ಅಪ್ಪ ತಲೆಗೆ ಸುತ್ತಿಕೊಂಡು ತಿರುಗುತ್ತಿದ್ದಾನೆ.

ಆಮೇಲೆ ಹಿರಿಯರ ನ್ಯಾಯ ಶುರುವಾಯಿತು. ಯಜಮಾನ ತಿಪ್ಪೇಶಪ್ಪಜ್ಜ ಕೋಲು ಕುಟ್ಟಿ ಅಂದ: "ವಿಮಾನದ ನೆರಳು ಕಂಬಳಿ ಮ್ಯಾಲೆ ಬಿದ್ದೈತೆ, ನನ್ನ ಕಣ್ಣಾರೆ ನೋಡೀನಿ. ಬಂದಂಗೇ ಲೆಕ್ಕ. ಹುಡುಗಿ ಅವನೋಳೇ." ತ್ಯಾವಣಿಗೆಯ ಚೌಡಮ್ಮನೂ ಬಂದಿದ್ದರು, ಸುಮ್ಮನಿರುತ್ತಾರೆಯೇ? "ನೆರಳು ಸಂಸಾರ ಮಾಡ್ತೈತೇನಜ್ಜ? ನೀವು ಹೆಣ್ಣು ಕೊಟ್ಟಿದ್ದು ಮನುಷ್ಯನಿಗೋ ಮೋಡಕ್ಕೋ?" ಅಂದರು. ಅರ್ಧ ಜನ ಅತ್ತ, ಅರ್ಧ ಜನ ಇತ್ತ. ಹೊತ್ತು ನೆತ್ತಿಗೆ ಬರುತ್ತಿತ್ತು. ಕಡೆಗೆ ಅಜ್ಜ ನನ್ನ ಕಡೆ ತಿರುಗಿ, "ನೀನೇ ಹೇಳವ್ವ. ಬಂದನೋ, ಬರಲಿಲ್ಲೋ?" ಎಂದು ಕೇಳಿದ.

"ಬರಲಿಲ್ಲ" ಅಂದೆ.

ಚೌಡಮ್ಮನ ಮುಖ ಅರಳಿತು. ನಾನು ಮಾತು ಮುಗಿಸಿರಲಿಲ್ಲ. "ಬರಲಿಲ್ಲ, ಆದ್ರೆ ಕಂಬಳಿ ಮಡಿಸಬ್ಯಾಡ್ರಿ. ಇದರ ನೂಲು ನಾನು ತೆಗೆದಿದ್ದು. ಸುತ್ತಿಕೊಂಡು ಹೋಗ್ತೀನಿ. ಅವರು ಎಲ್ಲಿ ಅದಾರೋ ಅಲ್ಲೇ ಹಾಸ್ತೀನಿ. ಅಲ್ಲಿ ಕುಂತರೆ ಸರಿ, ಕೂರದಿದ್ರೆ ನಾನೇ ಮಡಿಸಿಕೊಂಡು ಬರ್ತೀನಿ" ಅಂದೆ. ಇಂಥ ಕಟ್ಟಳೆ ಇಲ್ಲ ಎಂದು ಯಾರೋ ಗೊಣಗಿದರು. ಅಪ್ಪ ಎದ್ದು ನಿಂತು, "ಆಕಾಶದಾಗೆ ಬಂದು ಹೋಗೋ ಕಟ್ಟಳೆ ಐತೇನು?" ಎಂದು ಕೇಳಿದ. ತಿಪ್ಪೇಶಪ್ಪಜ್ಜ ನಕ್ಕುಬಿಟ್ಟ. ಕಂಬಳಿಯ ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿ ಅಜ್ಜ ಹಿಡಿದ. ಸುತ್ತಿದೆವು.

ಮುಖ ನೋಡಿ ಹೇಳುತ್ತೇನೆ ಅಂದಿದ್ದೆನಲ್ಲ, ಅದನ್ನು ಈಗ ಇಲ್ಲೇ ಹೇಳಿಬಿಡುತ್ತೇನೆ. ಅಲ್ಲಿಗೆ ಬಂದ ಮೇಲೆ ಜಗಳಕ್ಕೆ ಹೊತ್ತು ಕಳೆಯುವುದು ಬೇಡ. ಕಂಬಳಿ ಹಾಸಿ ಎಂದು ದೈವದವರನ್ನು ಕೇಳಿದ್ದು ಅಪ್ಪನಲ್ಲ, ನಾನು. ಅಪ್ಪ ಬೇಡ ಬೇಡ ಎಂದು ಗೋಗರೆದ. ಸಂಕ್ರಾಂತಿ ಕಳೆದ ಮೇಲೆ ಹೊನ್ನಾಳಿಯ ಪಂಚಾಕ್ಷರಪ್ಪನವರು ಕಂಬಳಿ ಕೊಳ್ಳಲು ಇಲ್ಲಿಗೆ ಬಂದಿದ್ದರು. ನಿಮ್ಮ ಕ್ಯಾಂಪಿನವರೇ, ರಜೆಯ ಮೇಲೆ ಬಂದಿದ್ದರು. ನಾನು ಯಾರೆಂದು ತಿಳಿಯದೆ ಅಪ್ಪನೊಡನೆ ಹರಟಿದರು: "ನಮ್ಮಲ್ಲಿ ನ್ಯಾಮತಿಯವನೊಬ್ಬ ಅದಾನೆ. ಕೊಟ್ಟ ರಜಾನ ವಾಪಸ್ ಮಾಡಿ ಇನ್ನೊಬ್ಬನಿಗೆ ಕೊಡಿಸಿದ. ಊರಿಗೆ ಹೋಗಾಕೆ ಏನೋ ಅಂಜಿಕೆ." ಹದಿನೈದು ದಿನದ ಮೇಲೆ ನಿಮ್ಮ ಕಾಗದ ಬಂತು, ಸಾಹೇಬರು ತಲೆ ಅಲ್ಲಾಡಿಸಿದರೆಂದು.

ಅಂದು ರಾತ್ರಿ ಉಣ್ಣಲಿಲ್ಲ. ಬೆಳಗಾದ ಮೇಲೆ ತಿಳಿಯಿತು, ನಿಮಗೆ ನಾನು ಬೇಡವಾಗಿಲ್ಲ, ನನ್ನ ಮುಂದೆ ನಿಲ್ಲಲು ಹೆದರಿಕೆ. ಸಾವಿರಾರು ಅಡಿ ಮೇಲೆ ಬಾಗಿಲು ತೆಗೆದು ಕೂರುವವರು ಒಂದು ಕಂಬಳಿಯ ಮೇಲೆ ಕೂರಲು ಹೆದರಿದಿರಿ. ಏನು ಗಂಡಸರೋ! ನನಗೆ ನೀವು ಬೇಕು. ಬೇಕೆಂದೇ ದಿನ ಗೊತ್ತುಮಾಡಿಸಿದ್ದು. ಬೇಡದವರಿಗೆ ಯಾರು ಕಂಬಳಿ ಹಾಸುತ್ತಾರೆ?

ನೀವು ಒಂದು ತಾಸಿನಲ್ಲಿ ಬಂದಿರಿ, ಒಂದು ಗಳಿಗೆಯೂ ನಿಲ್ಲದೆ ಹೋದಿರಿ. ನಾನು ನಿಧಾನವಾಗಿ ಬರುತ್ತೇನೆ. ಬರುವ ಸೋಮವಾರ ಇದ್ದಿಲು ಹೊಗೆಯಲ್ಲಿ ಓಡುವ ಬಸ್ಸಿನಲ್ಲಿ ದಾವಣಗೆರೆ, ಅದು ಏರಿನಲ್ಲಿ ನಿಂತರೆ ಇಳಿದು ತಳ್ಳಬೇಕು. ಮಂಗಳವಾರ ಅಪ್ಪ ರೈಲು ಹತ್ತಿಸುತ್ತಾನೆ. ಬುಧವಾರ ಬೆಳಿಗ್ಗೆ ಬೆಂಗಳೂರು ಸಿಟಿ ಸ್ಟೇಷನ್ನಿನಲ್ಲಿ ಇಳಿಯುತ್ತೇನೆ. ಹೋದ ತಿಂಗಳೇ ಬರೆದು ಕೇಳಿದ್ದೆ, ಪಂಚಾಕ್ಷರಪ್ಪನವರ ಹೆಂಡತಿ ಕಲ್ಲಮ್ಮ ಹಲಸೂರಿನಲ್ಲಿ ಒಂದು ಕೋಣೆ ನೋಡಿಟ್ಟಿದ್ದಾರೆ. ಕಂಬಳಿಯನ್ನು ಮೊದಲು ಅಲ್ಲಿ ಹಾಸುತ್ತೇನೆ.

ಇದನ್ನು ಅಂಚೆ ಕಚೇರಿಯ ಜಗುಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಲಕೋಟೆಯನ್ನು ಮೊದಲೇ ಬರೆದಾಯಿತು. ಕೊಟ್ರಬಸಪ್ಪನವರು ಎಂದಿನಂತೆ ಕೈ ಚಾಚಿದರು. "ಇರಲಿ ಬಿಡ್ರಿ, ನಾನೇ ಬರೀತೀನಿ" ಅಂದೆ. ಅವರು ಕನ್ನಡಕ ಏರಿಸಿ ನೋಡಿದರು. ಮೂರೇ ಅಕ್ಷರ, ಬೆವರು ಕಿತ್ತುಬಂತು. ಆಕಾಶವೇನೂ ಕಳಚಿ ಬೀಳಲಿಲ್ಲ.

ಬುಧವಾರ ಸ್ಟೇಷನ್ನಿಗೆ ಬನ್ನಿ. ನೆಲದ ಮೇಲೆ ನಡೆದುಕೊಂಡು ಬನ್ನಿ. ಕಾಣದಿದ್ದರೆ ಅದೇ ಹೆಸರು ಹಿಡಿದು ಸ್ಟೇಷನ್ನಿನವರೆಲ್ಲ ಕೇಳುವ ಹಾಗೆ ಕೂಗುತ್ತೇನೆ, ಆಮೇಲೆ ಮರ್ಯಾದೆ ಹೋಯಿತು ಎನ್ನಬೇಡಿ.

ರೇವಣ್ಣನ ಹೆಂಡತಿ,
ಹುಲಿಗೆಮ್ಮ